ಲೆನ್ಸ್ ಕೊಳ್ಳುವ ಮುನ್ನ ಕೆಟ್ಟ ಫೋಟೋ ನೋಡಿ



ಮನೆಗೆ ಮಗು ಬಂತೆಂದರೆ ಅದರ ಹಿಂದೆಯೇ ಕ್ಯಾಮೆರಾ ಬರುವುದು ಈಗ ವಾಡಿಕೆಯಾಗಿದೆ. ಮೊಬೈಲ್‌ನಲ್ಲಿ ತೆಗೆದದ್ದು ಸಾಲದೆ, ಒಂದಿಷ್ಟು ದುಡ್ಡು ಕೂಡಿಸಿ ಅಪ್ಪನೋ ಅಮ್ಮನೋ ಒಂದು ಡಿಎಸ್ಎಲ್ಆರ್ ಕ್ಯಾಮೆರಾವನ್ನೋ ಮಿರರ್‌ಲೆಸ್ ಕ್ಯಾಮೆರಾವನ್ನೋ ತರುತ್ತಾರೆ. ಡಬ್ಬಿಯೊಳಗೆ ಬಾಡಿಯ ಜೊತೆಗೆ 18-55 ಎಂದು ಬರೆದಿರುವ ಒಂದು ಜೂಮ್ ಲೆನ್ಸ್ ಇರುತ್ತದೆ. ಅಂಗಡಿಯವರ ಬಾಯಲ್ಲಿ ಅದು ಕಿಟ್ ಲೆನ್ಸ್. ಮಗು ತೆವಳಲು ಶುರು ಮಾಡುವ ಹೊತ್ತಿಗೆ ಪ್ರಶ್ನೆಯೂ ಶುರುವಾಗುತ್ತದೆ: ‘ಮುಂದೆ ಯಾವ ಲೆನ್ಸ್ ತಗೊಳ್ಳಲಿ?’ ಒಬ್ಬ ಗೆಳೆಯರು ಕಣ್ಣು ಮುಚ್ಚಿ ಫಿಫ್ಟಿ ತಗೊಳ್ಳಿ ಅನ್ನುತ್ತಾರೆ. ಇನ್ನೊಬ್ಬರು ಒಂದೇ ಲೆನ್ಸ್‌ನಲ್ಲಿ ಎಲ್ಲ ಮುಗಿಯಲಿ, 18-300 ತಗೊಳ್ಳಿ ಅನ್ನುತ್ತಾರೆ. ಅಂಗಡಿಗೆ ಹೋದರೆ ಬಾಡಿಯನ್ನೇ ಬದಲಾಯಿಸಿಬಿಡಿ ಸಾರ್ ಎಂಬ ಸಲಹೆ ಕಾದಿರುತ್ತದೆ.

ಇವರೆಲ್ಲರಿಗಿಂತ ಚೆನ್ನಾಗಿ ಉತ್ತರ ಹೇಳಬಲ್ಲ ಸಾಕ್ಷಿ ನಿಮ್ಮ ಮನೆಯಲ್ಲೇ ಇದೆ. ಕಳೆದ ಒಂದು ವರ್ಷದಲ್ಲಿ ನೀವು ತೆಗೆದು, ಸರಿಯಾಗಿ ಬಾರದೆ, ಯಾರಿಗೂ ತೋರಿಸದೆ ಬಿಟ್ಟ ಫೋಟೋಗಳೇ ಆ ಸಾಕ್ಷಿ. ಅವನ್ನು ಅಳಿಸಬೇಡಿ. ಒಂದು ಸಂಜೆ ಕಂಪ್ಯೂಟರ್ ಮುಂದೆ ಕುಳಿತು ಮೂರು ಗುಂಪು ಮಾಡಿ. ಅಲುಗಾಡಿ ಕಲಸಿದಂತೆ ಬಂದವು ಒಂದು ಕಡೆ. ಮುಖ್ಯವಾದದ್ದು ತೀರಾ ಚಿಕ್ಕದಾಗಿ ದೂರದಲ್ಲಿ ಉಳಿದವು ಇನ್ನೊಂದು ಕಡೆ. ಚೌಕಟ್ಟಿನೊಳಗೆ ಎಲ್ಲರೂ ಹಿಡಿಸದೆ ಯಾರದೋ ತೋಳು, ಯಾರದೋ ತಲೆ ಕತ್ತರಿಸಿ ಹೋದವು ಮತ್ತೊಂದು ಕಡೆ. ಯಾವ ಗುಂಪು ದೊಡ್ಡದೋ ನಿಮ್ಮ ದುಡ್ಡು ಹೋಗಬೇಕಾದದ್ದು ಅತ್ತ ಕಡೆಗೆ. ಇವತ್ತಿನ ನನ್ನ ಮಾತಿನ ಸಾರ ಇಷ್ಟೇ. ಉಳಿದದ್ದು ಇದರ ವಿವರಣೆ.

ಮೊದಲನೆಯ ಗುಂಪಿನಿಂದ ಆರಂಭಿಸೋಣ. ಹೆಚ್ಚಿನ ಮನೆಗಳಲ್ಲಿ ಇದೇ ದೊಡ್ಡದಾಗಿರುತ್ತದೆ. ನಾಮಕರಣದ ದಿನ ಎಂದುಕೊಳ್ಳಿ. ಹಾಲ್‌ನಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿದೆ, ಕಿಟಕಿಗೆ ಪರದೆ ಎಳೆದಿದ್ದಾರೆ. ಸೋದರತ್ತೆ ತೊಟ್ಟಿಲ ಮೇಲೆ ಬಾಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳುತ್ತಿದ್ದಾರೆ. ನೀವು ಲೆನ್ಸನ್ನು 55ಕ್ಕೆ ಜೂಮ್ ಮಾಡಿ ಬಟನ್ ಒತ್ತಿದಿರಿ. ಫೋಟೋ ನೋಡಿದರೆ ತೊಟ್ಟಿಲ ಸರಪಳಿ ಒಂದೊಂದು ಕೊಂಡಿಯೂ ಕಾಣುವಷ್ಟು ಸ್ಪಷ್ಟ, ಗೋಡೆಯ ಕ್ಯಾಲೆಂಡರಿನ ತಾರೀಖೂ ಸ್ಪಷ್ಟ, ಮಗುವಿನ ಕೈ ಮಾತ್ರ ಒಂದು ಮಸುಕು ಪಟ್ಟೆ. ಫೋಟೋದ ವಿವರ ತೆರೆದು ನೋಡಿ. ಐಎಸ್ಒ 1600, ಅಪರ್ಚರ್ ಎಫ್ 5.6, ಷಟರ್ ಸೆಕೆಂಡಿನ ಹದಿನೈದನೇ ಒಂದು ಭಾಗ, ಹೀಗೆ ಏನಾದರೂ ಇರುತ್ತದೆ. ಸೆಕೆಂಡಿನ ಹದಿನೈದನೇ ಒಂದು ಭಾಗ ನಮಗೆ ಕ್ಷಣಮಾತ್ರ. ಕೈಕಾಲು ಆಡಿಸುವ ಕೂಸಿಗೆ ಅದು ಧಾರಾಳ ಸಮಯ.

ಇಲ್ಲೊಂದು ವ್ಯತ್ಯಾಸ ಗಮನಿಸಬೇಕು. ಇಡೀ ಚಿತ್ರವೇ ಅಲುಗಿದ್ದರೆ ಅಲುಗಿದ್ದು ನಿಮ್ಮ ಕೈ. ಗೋಡೆ, ತೊಟ್ಟಿಲು ಸ್ಪಷ್ಟವಾಗಿದ್ದು ಮಗು ಮಾತ್ರ ಮಸುಕಾಗಿದ್ದರೆ ಅಲುಗಿದ್ದು ಮಗು. ಕೈನಡುಕ ತಡೆಯುವ ವ್ಯವಸ್ಥೆ ಇಂದಿನ ಬಹುತೇಕ ಕಿಟ್ ಲೆನ್ಸ್‌ಗಳಲ್ಲೇ ಇದೆ. ಕ್ಯಾನನ್‌ನವರು ಅದನ್ನು ಐಎಸ್ ಎನ್ನುತ್ತಾರೆ, ನಿಕಾನ್‌ನವರು ವಿಆರ್ ಎನ್ನುತ್ತಾರೆ. ಅದು ನಿಮ್ಮ ಕೈಯನ್ನು ಸಂಭಾಳಿಸುತ್ತದೆ. ಮಗುವನ್ನು ಹಿಡಿದು ನಿಲ್ಲಿಸುವ ಶಕ್ತಿ ಅದಕ್ಕಿಲ್ಲ. ಕುಳಿತ ಮಗುವಿಗೆ ಸೆಕೆಂಡಿನ 125ನೇ ಒಂದು ಭಾಗ, ಆಡುವ ಮಗುವಿಗೆ 250ನೇ ಒಂದು ಭಾಗ, ಅಂಗಳದಲ್ಲಿ ಓಡುವ ಮಗುವಿಗೆ 500ನೇ ಒಂದು ಭಾಗ ಬೇಕೆಂದು ನೆನಪಿಟ್ಟರೆ ಮನೆಮಟ್ಟಿಗೆ ಸಾಕು.

ಷಟರ್ ಇಷ್ಟು ಬೇಗ ಮುಚ್ಚಬೇಕಾದರೆ ಅಷ್ಟರಲ್ಲೇ ಸಾಕಷ್ಟು ಬೆಳಕು ಒಳಗೆ ಬಂದಿರಬೇಕು. ಎಫ್ ಎಂಬ ಅಂಕಿಯ ಕೆಲಸ ಇಲ್ಲಿ. ಲೆನ್ಸ್‌ನ ಮಿಲಿಮೀಟರನ್ನು ಆ ಅಂಕಿಯಿಂದ ಭಾಗಿಸಿದರೆ ಬೆಳಕಿನ ಕಿಂಡಿ ಎಷ್ಟು ಅಗಲ ಎಂಬುದು ಸಿಗುತ್ತದೆ. 55ನ್ನು 5.6ರಿಂದ ಭಾಗಿಸಿ, ಹತ್ತು ಮಿಲಿಮೀಟರ್ ಆಯಿತು. 50ನ್ನು 1.8ರಿಂದ ಭಾಗಿಸಿ, ಸುಮಾರು 28 ಮಿಲಿಮೀಟರ್. ಮೊದಲನೆಯದು ಅಂಗಿಯ ಗುಂಡಿಯಷ್ಟು, ಎರಡನೆಯದು ಹತ್ತು ರೂಪಾಯಿ ನಾಣ್ಯದಷ್ಟು. ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಎಫ್ 5.6ಕ್ಕಿಂತ ಎಫ್ 1.8ರಲ್ಲಿ ಒಳಬರುವ ಬೆಳಕು ಒಂಬತ್ತು ಪಟ್ಟಿಗೂ ಹೆಚ್ಚು. ನಮ್ಮ ನಾಮಕರಣದ ಫೋಟೋವನ್ನು ಅದೇ ಐಎಸ್ಒದಲ್ಲಿ 50ರ ಎಫ್ 1.8 ಲೆನ್ಸ್‌ನಿಂದ ತೆಗೆದಿದ್ದರೆ ಷಟರ್ ಹೆಚ್ಚೂಕಡಿಮೆ 150ನೇ ಒಂದು ಭಾಗಕ್ಕೆ ಬರುತ್ತಿತ್ತು. ಮಗುವಿನ ಬೆರಳು ಎಣಿಸಬಹುದಿತ್ತು.

ಹಾಗೆಂದು ಈಗಲೇ ಅಂಗಡಿಗೆ ಓಡಬೇಕಿಲ್ಲ. ಕಾಸು ಖರ್ಚಿಲ್ಲದ ಮದ್ದುಗಳು ಕೆಲವಿವೆ, ಮೊದಲು ಅವನ್ನು ಮಾಡಿ ನೋಡಿ. ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬುದನ್ನು ಹೇಳುವ ಐಎಸ್ಒವನ್ನು 3200ಕ್ಕೆ ಏರಿಸಲು ಹೆದರಬೇಡಿ. ಚಿತ್ರ ಸ್ವಲ್ಪ ತರಿತರಿಯಾಗಿ ಕಂಡೀತು, ಆದರೆ ತರಿಯಾದ ಮುಖವನ್ನು ಅಲ್ಬಮ್ಮಿಗೆ ಹಾಕಬಹುದು, ಅಲುಗಿದ ಮುಖವನ್ನು ಹಾಕಲಾಗದು. ಪರದೆ ಸರಿಸಿ, ತೊಟ್ಟಿಲನ್ನೋ ಹಸೆಮಣೆಯನ್ನೋ ಕಿಟಕಿಯ ಪಕ್ಕಕ್ಕೆ ಹಾಕಿಸಿ. ಹಗಲಿನಲ್ಲಿ ಕಿಟಕಿಯ ಬೆಳಕು ಟ್ಯೂಬ್‌ಲೈಟಿಗಿಂತ ಎಷ್ಟೋ ಪಾಲು ಹೆಚ್ಚು. ಎಲ್ಇಡಿ ಬಲ್ಬುಗಳ ಕೆಳಗೆ ಫೋಟೋದಲ್ಲಿ ಅಡ್ಡಪಟ್ಟೆಗಳು ಬರುತ್ತಿದ್ದರೆ ಷಟರನ್ನು ನೂರನೇ ಒಂದು ಭಾಗಕ್ಕೆ ಇಡಿ. ನಮ್ಮ ಕರೆಂಟು 50 ಹರ್ಟ್ಸ್‌ನದು; ಅಗ್ಗದ ಬಲ್ಬುಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಷಟರ್ ಆ ಲಯಕ್ಕೆ ಹೊಂದಿದರೆ ಪಟ್ಟೆ ಹೋಗುತ್ತದೆ.

ರಾತ್ರಿ ಹೊತ್ತಿನ ಕಾರ್ಯಕ್ರಮಗಳೇ ಹೆಚ್ಚಾಗಿದ್ದರೆ ಲೆನ್ಸ್‌ಗಿಂತ ಮೊದಲು ಕೊಳ್ಳಬೇಕಾದದ್ದು ತಲೆ ತಿರುಗಿಸಬಹುದಾದ ಒಂದು ಫ್ಲ್ಯಾಷ್. ಕ್ಯಾಮೆರಾದ ಹಣೆಯ ಮೇಲಿರುವ ಪುಟ್ಟ ಫ್ಲ್ಯಾಷ್ ನೇರ ಮುಖಕ್ಕೆ ಹೊಡೆದು ಮೂಗಿನ ತುದಿಯನ್ನು ಹೊಳೆಸುತ್ತದೆ, ಹಿಂದಿನ ಗೋಡೆಯ ಮೇಲೆ ಕಪ್ಪು ನೆರಳು ಬೀಳಿಸುತ್ತದೆ. ಬಿಡಿ ಫ್ಲ್ಯಾಷಿನ ತಲೆಯನ್ನು ಬಿಳಿ ಸುಣ್ಣದ ತಾರಸಿಯ ಕಡೆ ತಿರುಗಿಸಿ ಹೊಡೆದರೆ ಬೆಳಕು ಮೇಲಿನಿಂದ ಹರಡಿ ಇಡೀ ಕೋಣೆಗೆ ಇಳಿಯುತ್ತದೆ. ಹೆಂಚಿನ ಮನೆಯಲ್ಲಿ ಈ ಉಪಾಯ ನಡೆಯದು. ಅಲ್ಲಿ ಪಕ್ಕದ ಬಿಳಿ ಗೋಡೆಯೇ ಗತಿ.

ಇಷ್ಟಾದ ಮೇಲೂ ಅಲುಗಿದ ಫೋಟೋಗಳ ಗುಂಪೇ ದೊಡ್ಡದಾಗಿದ್ದರೆ ಎಫ್ 1.8ರ ಒಂದು ಪ್ರೈಮ್ ಲೆನ್ಸ್ ಕೊಳ್ಳಿ. ಪ್ರೈಮ್ ಅಂದರೆ ಜೂಮ್ ಇಲ್ಲದ, ಒಂದೇ ಅಳತೆಯ ಲೆನ್ಸ್. ಯಾವ ಅಳತೆ? ಎಲ್ಲರೂ 50 ಎನ್ನುವುದಕ್ಕೆ ಕಾರಣವಿದೆ. ಹೆಚ್ಚಿನ ಕಂಪನಿಗಳ ಪಟ್ಟಿಯಲ್ಲಿ ಅಗ್ಗದ ಲೆನ್ಸ್‌ಗಳಲ್ಲಿ ಅದೂ ಒಂದು, ಚಿತ್ರವೂ ಚೆನ್ನ. ಆದರೆ ಆ 50ರ ಹೆಸರು ಬೆಳೆದದ್ದು ದೊಡ್ಡ ಚೌಕಟ್ಟಿನ ಕಾಲದಲ್ಲಿ. ಜರ್ಮನಿಯ ಲೈಟ್ಸ್ ಕಂಪನಿಯ ಆಸ್ಕರ್ ಬಾರ್ನಾಕ್ ಸಿನಿಮಾ ಫಿಲ್ಮನ್ನು ಅಡ್ಡಲಾಗಿ ಓಡಿಸಿ 36-24 ಮಿಲಿಮೀಟರಿನ ಚೌಕಟ್ಟು ಮಾಡಿಕೊಂಡರು. 1925ರಲ್ಲಿ ಆ ಕಂಪನಿಯ ಲೈಕಾ ಕ್ಯಾಮೆರಾ ಮಾರುಕಟ್ಟೆಗೆ ಬಂದದ್ದು ಆ ಅಳತೆಯೊಂದಿಗೆ. ಇಂದು ಫುಲ್ ಫ್ರೇಮ್ ಎನ್ನುವುದು ಅದನ್ನೇ. ನಮ್ಮ ನಿಮ್ಮ ಕೈಲಿರುವ ಆರಂಭದ ಕ್ಯಾಮೆರಾಗಳಲ್ಲಿ ಹೆಚ್ಚಿನವುಗಳ ಸೆನ್ಸರ್ ಇನ್ನೂ ಚಿಕ್ಕದು, ಸುಮಾರು 23 ಮಿಲಿಮೀಟರ್ ಅಗಲ. ಹಾಗಾಗಿ 50 ನಮ್ಮ ಕ್ಯಾಮೆರಾದಲ್ಲಿ 75 ಅಥವಾ 80ರಂತೆ ಕೆಲಸ ಮಾಡುತ್ತದೆ. ನೋಟ ಇಕ್ಕಟ್ಟಾಗುತ್ತದೆ.

ಎಷ್ಟು ಇಕ್ಕಟ್ಟು ಎಂಬುದನ್ನು ಅಡಿಯ ಲೆಕ್ಕದಲ್ಲಿ ಹೇಳುತ್ತೇನೆ, ಬೇಕಿದ್ದರೆ ಬರೆದುಕೊಳ್ಳಿ. ನೀವು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದೀರಿ, ಎದುರಿನವರು ಹತ್ತು ಅಡಿ ದೂರದಲ್ಲಿದ್ದಾರೆ. 50ರ ಲೆನ್ಸ್‌ಗೆ ಕಾಣುವ ಅಗಲ ಹೆಚ್ಚೆಂದರೆ ನಾಲ್ಕೂವರೆ ಅಡಿ. ಇಬ್ಬರು ಕೂರಬಹುದು, ಮೂರನೆಯವರು ಹೊರಗೆ. 35ರ ಲೆನ್ಸ್‌ಗೆ ಆರೂವರೆ ಅಡಿ ಕಾಣುತ್ತದೆ. ಅಪ್ಪ, ಅಮ್ಮ, ಮಗು, ಒತ್ತಿಕೊಂಡರೆ ಅಜ್ಜಿಯೂ ಬರುತ್ತಾರೆ. 18ಕ್ಕೆ ಹನ್ನೆರಡು ಅಡಿಗೂ ಹೆಚ್ಚು ಕಾಣುತ್ತದೆ. ನಮ್ಮ ಊರಿನ ಮನೆಗಳಲ್ಲಿ ಹತ್ತು-ಹನ್ನೆರಡು ಅಡಿಯ ಕೋಣೆಗಳೇ ಹೆಚ್ಚು. ಮನೆಯೊಳಗಿನ ಬಳಕೆಗೆ 35 ಹೆಚ್ಚು ಒಗ್ಗುತ್ತದೆ. ಅಂಗಳ, ಜಗುಲಿ, ಉದ್ಯಾನದಲ್ಲಿ ಒಂಟಿ ಮುಖಗಳಿಗೆ 50 ಸೊಗಸು. ನಿಕಾನ್‌ನ ಚಿಕ್ಕ ಸೆನ್ಸರಿಗೆಂದೇ ಮಾಡಿದ 35ರ ಎಫ್ 1.8 ಲೆನ್ಸ್ ಇದೆ. ಕ್ಯಾನನ್ ಡಿಎಸ್ಎಲ್ಆರ್ ಇದ್ದವರು 24ರ ಎಫ್ 2.8 ನೋಡಬಹುದು, ಬೆಳಕು ಅಷ್ಟಿಲ್ಲ, ಆದರೆ ಲೆನ್ಸ್ ಪುಟಾಣಿ, ಹಗುರ.

ಕೊಳ್ಳುವ ಮುನ್ನ ಒಂದು ಪರೀಕ್ಷೆ ಇದೆ. ಕಿಟ್ ಲೆನ್ಸನ್ನು 35ಕ್ಕೆ ತಿರುಗಿಸಿ ಜೂಮ್ ಉಂಗುರದ ಮೇಲೆ ಒಂದು ತುಂಡು ಟೇಪ್ ಅಂಟಿಸಿ. ಒಂದು ವಾರ ಹಾಗೇ ತೆಗೆಯಿರಿ. ಮರುವಾರ 50ಕ್ಕೆ ಅಂಟಿಸಿ. ಯಾವ ವಾರ ಗೋಡೆಗೆ ಬೆನ್ನು ತಾಗಿತು, ಯಾವ ವಾರ ಸಲೀಸಾಯಿತು ಎಂಬುದು ನಿಮಗೇ ಗೊತ್ತಾಗುತ್ತದೆ. ಯಾರ ಸಲಹೆಯೂ ಬೇಕಾಗುವುದಿಲ್ಲ.

ಎಫ್ 1.8ರ ಲೆನ್ಸ್ ಬಂದ ಮೇಲೆ ಹೊಸ ತೊಂದರೆಯೊಂದು ಜೊತೆಗೇ ಬರುತ್ತದೆ. ಕಿಂಡಿ ಪೂರ್ತಿ ತೆರೆದಾಗ ಸ್ಪಷ್ಟವಾಗಿ ಕಾಣುವ ಆಳ ತೀರಾ ಕಡಿಮೆ. 50ರ ಲೆನ್ಸ್‌ನಲ್ಲಿ ಐದು ಅಡಿ ದೂರದಿಂದ ತೆಗೆದರೆ ಆ ಆಳ ಸುಮಾರು ಆರು ಸೆಂಟಿಮೀಟರ್, ಮೂರೂವರೆ ಅಡಿಯಿಂದ ತೆಗೆದರೆ ಮೂರು ಸೆಂಟಿಮೀಟರೂ ಇಲ್ಲ. ಅಜ್ಜಿಯ ಮಡಿಲಲ್ಲಿ ಮೊಮ್ಮಗ ಕೂತಿದ್ದಾನೆ. ಫೋಕಸ್ ಅವನ ಕಣ್ಣಿನ ಮೇಲೆ ಬಿದ್ದರೆ ಒಂದು ಗೇಣು ಹಿಂದಿರುವ ಅಜ್ಜಿಯ ಮುಖ ಮಂಜಾಗುತ್ತದೆ. ಹಿನ್ನೆಲೆ ಮಸುಕಾದ ಫೋಟೋ ನೋಡಿ ಮರುಳಾಗಿ ಎಲ್ಲವನ್ನೂ ಎಫ್ 1.8ರಲ್ಲೇ ತೆಗೆಯುವವರ ಅಲ್ಬಮ್ಮಿನಲ್ಲಿ ಅಜ್ಜಿಯಂದಿರೆಲ್ಲ ಹೀಗೆಯೇ ಇರುತ್ತಾರೆ. ಒಬ್ಬರಿಗೆ ಎಫ್ 2, ಇಬ್ಬರು ಮೂವರಿಗೆ ಎಫ್ 4, ಸಾಲುಸಾಲಾಗಿ ನಿಂತ ಬಳಗಕ್ಕೆ ಎಫ್ 8, ಈ ಲೆಕ್ಕ ಹಿಡಿದರೆ ಮೋಸವಿಲ್ಲ.

ಇನ್ನು ಎರಡನೆಯ ಗುಂಪು, ದೂರ ಉಳಿದ ಚಿತ್ರಗಳು. ಶಾಲೆಯ ವಾರ್ಷಿಕೋತ್ಸವದಲ್ಲಿ ಮಗಳು ಕೋಲಾಟದ ಸಾಲಿನಲ್ಲಿದ್ದಾಳೆ, ನೀವು ಐವತ್ತು ಅಡಿ ಹಿಂದೆ ಕುರ್ಚಿಯಲ್ಲಿದ್ದೀರಿ. 55ಕ್ಕೆ ಜೂಮ್ ಮಾಡಿದರೂ ಲೆನ್ಸ್‌ಗೆ ಇಪ್ಪತ್ತು ಅಡಿಯ ವೇದಿಕೆ ಕಾಣುತ್ತದೆ, ಅದರಲ್ಲಿ ಮಗಳು ಎಲ್ಲೋ ಒಬ್ಬಳು. 200ಕ್ಕೆ ಹೋದರೆ ಆರಡಿಗೂ ಕಡಿಮೆ. ಆಗ ಅವಳೂ ಪಕ್ಕದ ಗೆಳತಿಯೂ ಚೌಕಟ್ಟು ತುಂಬುತ್ತಾರೆ. ಇದಕ್ಕೆ 55-200 ಅಥವಾ 55-250ರ ಸಾಧಾರಣ ಜೂಮ್ ಸಾಕು. ಹಗಲಿನ ಕ್ರೀಡಾದಿನಕ್ಕೆ, ರಂಗನತಿಟ್ಟಿನ ದೋಣಿಯಿಂದ ಕೊಕ್ಕರೆ ತೆಗೆಯುವುದಕ್ಕೆ ಅದು ಬಹಳ ಒಳ್ಳೆಯದು. ವೃತ್ತಿಯವರು ಹಿಡಿಯುವ 70-200ರ ಎಫ್ 2.8 ಲೆನ್ಸ್ ಒಂದೂವರೆ ಕಿಲೋದ ಆಸುಪಾಸು ತೂಗುತ್ತದೆ. ಒಂದು ಕಂಕುಳಲ್ಲಿ ಮಗು, ಹೆಗಲಲ್ಲಿ ನೀರಿನ ಬಾಟಲಿ ಇದ್ದವರು ಅದನ್ನು ಎರಡನೆಯ ಸಲ ಮನೆಯಿಂದ ಹೊರಗೆ ತರುವುದಿಲ್ಲ. ವರ್ಷಕ್ಕೊಮ್ಮೆ ಬರುವ ಶಾಲಾ ದಿನಕ್ಕಾದರೆ ಬಾಡಿಗೆಗೆ ತನ್ನಿ, ದೊಡ್ಡ ಊರುಗಳಲ್ಲಿ ಲೆನ್ಸ್ ಬಾಡಿಗೆಗೆ ಸಿಗುತ್ತದೆ.

ಒಂದೇ ಲೆನ್ಸ್‌ನಲ್ಲಿ ಎಲ್ಲ ಎಂದು ಹೇಳುವ 18-300ರಂಥವು ಪ್ರವಾಸಕ್ಕೆ ಅನುಕೂಲ, ಲೆನ್ಸ್ ಬದಲಿಸುವ ಗೋಜಿಲ್ಲ. ಆದರೆ ಅವುಗಳ ಕಿಂಡಿ ಕಿಟ್ ಲೆನ್ಸ್‌ನದ್ದಕ್ಕಿಂತ ಉದಾರವಲ್ಲ. ಮನೆಯೊಳಗಿನ ಅಲುಗಾಟಕ್ಕೆ ಅವು ಪರಿಹಾರವಾಗಲಾರವು.

ಮೂರನೆಯ ಗುಂಪು, ಹಿಡಿಸದೆ ಕತ್ತರಿಸಿ ಹೋದ ಚಿತ್ರಗಳು. ಇದಕ್ಕೆ ಲೆನ್ಸ್ ಕೊಳ್ಳುವ ಅಗತ್ಯ ಬೀಳುವುದು ಅಪರೂಪ. ನಿಮ್ಮ 18-55ರಲ್ಲಿ 18 ಇದ್ದೇ ಇದೆ. ಅದಕ್ಕಿಂತ ಅಗಲದ ಲೆನ್ಸ್ ತಂದು ಹತ್ತಿರದಿಂದ ತೆಗೆದರೆ ಅಂಚಿನಲ್ಲಿ ಕೂತ ಚಿಕ್ಕಮ್ಮನ ಮುಖ ಎಳೆದಂತೆ ಅಗಲವಾಗುತ್ತದೆ, ಎದುರು ಕೂತವರ ಮೂಗು ಮುಂದಕ್ಕೆ ಬರುತ್ತದೆ. ಅವರು ಸುಮ್ಮನಿರುವುದಿಲ್ಲ. ಬಾಗಿಲಾಚೆ ಹೋಗಿ ನಿಂತು ತೆಗೆಯಿರಿ, ಎರಡು ಸಾಲು ಮಾಡಿ, ಮಕ್ಕಳನ್ನು ನೆಲದ ಮೇಲೆ ಕೂರಿಸಿ.

ಹಾಗಾದರೆ ಬಾಡಿ ಬದಲಾಯಿಸುವುದು ಯಾವಾಗ? ಮೆಗಾಪಿಕ್ಸೆಲ್ ನೋಡಿ ಬದಲಾಯಿಸಬೇಡಿ. ಸ್ಟುಡಿಯೋದಲ್ಲಿ ಹಾಕಿಸುವ ಆರು-ನಾಲ್ಕು ಅಂಗುಲದ ಪ್ರಿಂಟಿಗೆ, ಅಂಗುಲಕ್ಕೆ 300 ಚುಕ್ಕಿಯ ಲೆಕ್ಕದಲ್ಲಿ, ಬೇಕಾದದ್ದು 22 ಲಕ್ಷದೊಳಗಿನ ಪಿಕ್ಸೆಲ್. ಗೋಡೆಗೆ ತೂಗುಹಾಕುವ ಹದಿನೆಂಟು-ಹನ್ನೆರಡು ಅಂಗುಲದ ಚಿತ್ರಕ್ಕೂ ಎರಡು ಕೋಟಿಯೊಳಗೇ ಸಾಕು. 24 ಮೆಗಾಪಿಕ್ಸೆಲ್ ಅಂದರೆ ಎರಡು ಕೋಟಿ ನಲವತ್ತು ಲಕ್ಷ. ಬಾಡಿ ಬದಲಾಯಿಸಲು ನ್ಯಾಯವಾದ ಕಾರಣವೆಂದರೆ ಫೋಕಸ್. ಈಚಿನ ಮಿರರ್‌ಲೆಸ್ ಕ್ಯಾಮೆರಾಗಳು ಚೌಕಟ್ಟಿನಲ್ಲಿ ಕಣ್ಣನ್ನು ತಾವೇ ಗುರುತಿಸಿ ಮಗು ಓಡಿದತ್ತ ಹಿಂಬಾಲಿಸುತ್ತವೆ. ನಿಮ್ಮ ಕೆಟ್ಟ ಫೋಟೋಗಳಲ್ಲಿ ಮಗುವಿನ ಬದಲು ಹಿಂದಿನ ಸೋಫಾ ಸ್ಪಷ್ಟವಾಗಿ ಬಂದದ್ದೇ ಹೆಚ್ಚಾಗಿದ್ದರೆ ಆಗ ಯೋಚಿಸಿ. ಆದರೆ ಬಾಡಿ ಬದಲಾದರೆ ಲೆನ್ಸ್ ಕೂರುವ ಜಾಗ, ಅಂದರೆ ಮೌಂಟ್, ಬದಲಾಗಬಹುದು. ಕ್ಯಾನನ್‌ನ ಇಎಫ್ ಮೌಂಟ್ 1987ರಿಂದ ಇದೆ, ಹೊಸ ಆರ್‌ಎಫ್ ಮೌಂಟ್ 2018ರಲ್ಲಿ ಬಂತು. ಹಳೆಯ ಇಎಫ್ ಲೆನ್ಸ್ ಅಡಾಪ್ಟರ್ ಮೂಲಕ ಹೊಸ ಬಾಡಿಗೆ ಕೂರುತ್ತದೆ, ಹೊಸ ಲೆನ್ಸ್ ಹಳೆಯ ಬಾಡಿಗೆ ಕೂರುವುದಿಲ್ಲ. ಲೆನ್ಸ್ ಕೊಳ್ಳುವಾಗ ಮುಂದಿನ ಬಾಡಿಯ ಲೆಕ್ಕವೂ ತಲೆಯಲ್ಲಿರಲಿ.

ಸೆಕೆಂಡ್ ಹ್ಯಾಂಡ್ ಲೆನ್ಸ್ ತಗೊಳ್ಳಲು ಅಳುಕಬೇಕಿಲ್ಲ, ಆದರೆ ಕಣ್ಣಾರೆ ನೋಡಿ ತಗೊಳ್ಳಿ. ಹಿಂದಿನ ಮುಂದಿನ ಮುಚ್ಚಳ ಎರಡನ್ನೂ ತೆಗೆಯಿರಿ. ಮೊಬೈಲ್ ಟಾರ್ಚನ್ನು ಒಂದು ಕಡೆಯಿಂದ ಓರೆಯಾಗಿ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಒಂದೆರಡು ಧೂಳಿನ ಕಣಕ್ಕೆ ಚಿಂತೆಯಿಲ್ಲ. ಕವಲೊಡೆದ ಬಿಳಿ ಎಳೆಗಳು ಗಾಜಿನ ಮೇಲೆ ಹಬ್ಬಿದ್ದರೆ ಅದು ಬೂಷ್ಟು, ಅಂಗಡಿಯವರ ಮಾತಿನಲ್ಲಿ ಫಂಗಸ್. ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ. ನಿಮ್ಮ ಕ್ಯಾಮೆರಾವನ್ನೇ ಒಯ್ದು ಹಾಕಿ ನೋಡಿ. ನಿಕಾನ್‌ನ ಡಿ3000, ಡಿ5000 ಸಾಲಿನ ಬಾಡಿಗಳಲ್ಲಿ ಫೋಕಸ್ ಮೋಟಾರ್ ಇಲ್ಲ. ಹಳೆಯ 50ರ ಡಿ ಲೆನ್ಸ್ ಅವುಗಳಿಗೆ ಕೂರುತ್ತದೆ, ಆದರೆ ಫೋಕಸನ್ನು ಕೈಯಲ್ಲೇ ತಿರುಗಿಸಬೇಕು. ತೆವಳುವ ಮಗುವಿನ ಮುಂದೆ ಅದು ಆಗುವ ಹೋಗುವ ಮಾತಲ್ಲ. ಎಎಫ್-ಎಸ್ ಎಂದು ಬರೆದಿರುವ ಲೆನ್ಸ್‌ಗೆ ಮೋಟಾರ್ ತನ್ನೊಳಗೇ ಇದೆ.

ಲೆನ್ಸ್ ಜೊತೆ ಒಂದು ಯುವಿ ಫಿಲ್ಟರ್ ಹಾಕಿಸಿಕೊಂಡು ಹೋಗಿ ಎಂಬ ಒತ್ತಾಯವೂ ಬರುತ್ತದೆ. ಅಗ್ಗದ ಫಿಲ್ಟರ್ ಹಾಕಿ ಕತ್ತಲಲ್ಲಿ ಆರತಿ ಫೋಟೋ ತೆಗೆದು ನೋಡಿ: ತಟ್ಟೆಯಲ್ಲಿ ಇರುವ ದೀಪದ ಜೊತೆಗೆ ಇಲ್ಲದ ಇನ್ನೊಂದು ದೀಪ ಗಾಳಿಯಲ್ಲಿ ತೇಲುತ್ತಿರುತ್ತದೆ. ಜ್ವಾಲೆಯ ಬೆಳಕು ಫಿಲ್ಟರಿನ ಗಾಜಿಗೆ ತಾಗಿ ಪ್ರತಿಫಲಿಸಿದ್ದು ಅದು. ಆ ದುಡ್ಡಿನಲ್ಲಿ ಲೆನ್ಸ್ ಹುಡ್ ಕೊಳ್ಳಿ. ಅಡ್ಡಬೆಳಕನ್ನೂ ತಡೆಯುತ್ತದೆ, ಮಗುವಿನ ತುಪ್ಪದ ಕೈಯನ್ನೂ ತಡೆಯುತ್ತದೆ. ಗಾಜನ್ನು ಸೆರಗಿನಲ್ಲಿ, ಪಂಚೆಯಲ್ಲಿ ಒರೆಸಬೇಡಿ. ಮೊದಲು ಬ್ಲೋವರಿನಿಂದ ಧೂಳು ಊದಿ, ಆಮೇಲೆ ಮೆತ್ತನೆಯ ಮೈಕ್ರೋಫೈಬರ್ ಬಟ್ಟೆ.

ಕರಾವಳಿ, ಮಲೆನಾಡಿನ ಶ್ರೋತೃಗಳಿಗೆ ಒಂದು ಕಿವಿಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕ್ಯಾಮೆರಾವನ್ನು ಬ್ಯಾಗಿನಲ್ಲಿ ತುರುಕಿ ಬೀರುವಿನಲ್ಲಿ ಇಡಬೇಡಿ. ತೇವ, ಕತ್ತಲು, ಆಡದ ಗಾಳಿ ಇಷ್ಟು ಸಿಕ್ಕರೆ ಬೂಷ್ಟಿಗೆ ಬೇರೇನೂ ಬೇಡ. ಅದು ಗಾಜಿನ ಮೇಲಿನ ಲೇಪವನ್ನೇ ತಿಂದುಹಾಕುತ್ತದೆ. ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ತಂದು ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಹರಳು ಗುಲಾಬಿಯಾದರೆ, ಕಿತ್ತಳೆ ಬಣ್ಣದ್ದು ಹಸಿರಾದರೆ ಅದು ನೀರು ಕುಡಿದು ತುಂಬಿದೆ ಎಂದರ್ಥ. ಬಿಸಿ ಮಾಡಿ ಒಣಗಿಸಿದರೆ ಮತ್ತೆ ಬಳಸಬಹುದು. ಅಡುಗೆಯ ಪಾತ್ರೆ ಮಾತ್ರ ಬೇಡ. ವಾರಕ್ಕೊಮ್ಮೆ ಹೊರತೆಗೆದು ನಾಲ್ಕು ಫೋಟೋ ತೆಗೆಯಿರಿ.

ಸಲಕರಣೆಯ ಮಾತು ಬಹಳವಾಯಿತು. ಫ್ರಾನ್ಸಿನ ಛಾಯಾಗ್ರಾಹಕ ಆನ್ರಿ ಕಾರ್ತಿಯೇ-ಬ್ರೆಸೋನ್ ತಮ್ಮ ಹೆಸರಾಂತ ಚಿತ್ರಗಳಲ್ಲಿ ಹೆಚ್ಚಿನವನ್ನು ಲೈಕಾ ಕ್ಯಾಮೆರಾ ಮತ್ತು 50ರ ಒಂದು ಲೆನ್ಸ್‌ನಲ್ಲಿ ತೆಗೆದರು. ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಯುನಿಸೆಫ್‌ಗಾಗಿ ಊರೂರು ಸುತ್ತಿ ಮಕ್ಕಳ ಚಿತ್ರ ತೆಗೆದವರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಆ ಚಿತ್ರಗಳ ಪ್ರದರ್ಶನ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ನಡೆಯಿತು. ಒಂದು ರೋಲಿಗೆ 36 ಚಿತ್ರ ಎಂಬ ಕಾಲ ಅವರದು. ಅವರ ಚಿತ್ರಗಳಲ್ಲಿನ ಮಕ್ಕಳು ಕ್ಯಾಮೆರಾಕ್ಕೆ ಹಲ್ಲು ಕಿರಿದು ನಿಂತವರಲ್ಲ, ತಮ್ಮ ಪಾಡಿಗೆ ಆಡುತ್ತ, ಓದುತ್ತ, ಕೆಲಸ ಮಾಡುತ್ತ ಇದ್ದವರು. ಅದಕ್ಕೆ ಬೇಕಾದದ್ದು ತಾಳ್ಮೆ, ಮತ್ತು ಮಗುವಿನ ಕಣ್ಣಿನ ಎತ್ತರಕ್ಕೆ ಮಂಡಿಯೂರಿ ಕೂರುವ ಮನಸ್ಸು. ನಿಂತು ಕೆಳಗೆ ನೋಡಿ ತೆಗೆದ ಮಗುವಿನ ಫೋಟೋದಲ್ಲಿ ನೆತ್ತಿಯೇ ಹೆಚ್ಚು. ಯಾವ ಲೆನ್ಸೂ ಅದನ್ನು ಸರಿಪಡಿಸದು.

ಕೊನೆಯದಾಗಿ, ಆ ಮೂರು ಗುಂಪುಗಳಲ್ಲಿ ಎಲ್ಲೂ ಸಿಗದ ಒಬ್ಬರಿದ್ದಾರೆ, ಫೋಟೋ ತೆಗೆದವರು. ಮಗುವಿನ ಐದು ವರ್ಷದ ಅಲ್ಬಮ್ ತಿರುವಿದರೆ ಅಮ್ಮ ಎಲ್ಲಿ ಎಂದು ಮಗು ಕೇಳುವ ಸ್ಥಿತಿ ಅನೇಕ ಮನೆಗಳಲ್ಲಿದೆ. ನೀವು ಏನನ್ನೇ ಕೊಂಡರೂ ಅದು ಮನೆಯ ಇನ್ನೊಬ್ಬರ ಕೈಗೂ ಒಗ್ಗುವಂತಿರಲಿ. ಎಫ್ 5.6, ಆಟೋ ಐಎಸ್ಒ, ಷಟರ್ 250ನೇ ಒಂದು ಭಾಗಕ್ಕಿಂತ ನಿಧಾನವಾಗದಂತೆ ಹೊಂದಿಸಿ, ಕ್ಯಾಮೆರಾವನ್ನು ಮಾವನ ಕೈಗೋ ಹತ್ತು ವರ್ಷದ ಅಣ್ಣನ ಕೈಗೋ ಕೊಟ್ಟು, ಹೋಗಿ ಮಗುವಿನ ಪಕ್ಕ ಕುಳಿತುಕೊಳ್ಳಿ. ಅವರು ತೆಗೆದದ್ದು ಸ್ವಲ್ಪ ವಾಲಿದ್ದರೆ ವಾಲಲಿ. ವರ್ಷದ ಕೊನೆಗೆ ಐವತ್ತು ಫೋಟೋ ಆರಿಸಿ ಪ್ರಿಂಟ್ ಹಾಕಿಸುವಾಗ ಅದನ್ನೂ ಸೇರಿಸಿ. ಪ್ರಿಂಟ್ ಹಾಕಿಸಿದ ಮೇಲೂ ದುಡ್ಡು ಉಳಿದಿದ್ದರೆ ಆಗ ಲೆನ್ಸ್ ಅಂಗಡಿಯ ದಾರಿ ಹಿಡಿಯಿರಿ.